ಸ್ಪೋರ್ಟ್ಸ್ ಕಾರಿಗೆ ಪವರ್ ಇಲ್ಲ ಅಂತ ಘಾಟಿಯಿಂದ ಫೋನ್ ಮಾಡೋರಿಗೆ: ಪದೇ ಪದೇ ಕೇಳುವ ಪ್ರಶ್ನೆಗಳು

ನಾನು ಮೆಕ್ಯಾನಿಕ್ ಅಲ್ಲ. ಕೊಡಗಿನ ಸುಂಟಿಕೊಪ್ಪದ ಹತ್ರ ಸ್ವಲ್ಪ ಕಾಫಿ ತೋಟ ಇದೆ, ಶೆಡ್ಡಲ್ಲಿ ಸೆಕೆಂಡ್ ಹ್ಯಾಂಡ್ ತಗೊಂಡ ಎರಡು ಸೀಟಿನ ಟರ್ಬೊ (ಇಂಜಿನ್ನಿಗೆ ಗಾಳಿ ಒತ್ತಿ ತುಂಬೋ ಫ್ಯಾನು) ಪೆಟ್ರೋಲ್ ಕಾರು ಒಂದಿದೆ, ಅದು ಕೆಟ್ಟು ಕೆಟ್ಟು ನಂಗೆ ಇಷ್ಟು ಕಲಿಸಿದೆ. ಮದುವೆ ಮನೇಲಿ ಊಟದ ಸಾಲಲ್ಲಿ, ಕಾಫಿ ಹಾಕೋಕೆ ಹೋದಾಗ ಕ್ಯೂರಿಂಗ್ ವರ್ಕ್ಸ್ ಗೇಟಲ್ಲಿ, ರಾತ್ರಿ ಹತ್ತು ಗಂಟೆಗೆ ವಾಯ್ಸ್ ಮೆಸೇಜಲ್ಲಿ ಜನ ಕೇಳಿದ್ದನ್ನೇ ಕೇಳ್ತಾರೆ, ಅದಕ್ಕೆ ಎಲ್ಲ ಒಂದೇ ಕಡೆ ಬರೆದಿಟ್ಟಿದೀನಿ. ಇಲ್ಲಿರೋದು ಪೆಟ್ರೋಲ್ ಗಾಡಿಗೆ ಮಾತ್ರ, ಡೀಸೆಲ್‌ನೋರು ಬೈಬೇಡಿ.

## ಬಾನೆಟ್ ಎತ್ತೋಕೆ ಮುಂಚೆ

ಅಣ್ಣಾ, ಮಂಗಳೂರಲ್ಲಿ ಹಾರ್ತಿತ್ತು, ಸಂಪಾಜೆ ಹತ್ತಿ ಮಡಿಕೇರಿಗೆ ಬಂದ್ಮೇಲೆ ಪಿಕಪ್ಪೇ ಇಲ್ಲ, ಇಂಜಿನ್ ಹೋಯ್ತಾ?

ಟರ್ಬೊ ಇಲ್ಲದ ಇಂಜಿನ್ ಆಗಿದ್ರೆ ಏನೂ ಹೋಗಿಲ್ಲ, ಗಾಳಿ ತೆಳು ಆಗಿದೆ ಅಷ್ಟೆ. ಮಂಗಳೂರು ಸಮುದ್ರದ ಮಟ್ಟ, ಮಡಿಕೇರಿ ಸುಮಾರು 1,150 ಮೀಟರ್ ಮೇಲೆ, ಪ್ರತಿ 300 ಮೀಟರಿಗೆ ಹತ್ತತ್ರ 3 ಪರ್ಸೆಂಟ್ ಪವರ್ ಇಳಿಯುತ್ತೆ ಅಂತ ಲೆಕ್ಕ ಇಟ್ಕೊಳ್ಳಿ. ಅಂದ್ರೆ ಕೆಳಗೆ 200 ಹಾರ್ಸ್‌ಪವರ್ ಕೊಡೋ ಇಂಜಿನ್ ಮಡಿಕೇರಿಯ ರಾಜಾಸೀಟ್ ಹತ್ರ 175-180 ಕೊಡ್ತಾ ಇರುತ್ತೆ. ಟರ್ಬೊ ಗಾಡಿಗೆ ಈ ನಷ್ಟ ಅಷ್ಟು ಗೊತ್ತಾಗಲ್ಲ, ಇಂಜಿನ್ನಿನ ಕಂಪ್ಯೂಟರ್ ಟರ್ಬೊನ ಜಾಸ್ತಿ ದುಡಿಸಿ ಸರಿದೂಗಿಸುತ್ತೆ.

ಆದ್ರೆ ಬೆಂಗಳೂರಿಂದ ಬಂದೋರು ಇದೇ ನೆಪ ಹೇಳ್ಬೇಡಿ. ಬೆಂಗಳೂರೇ 900 ಮೀಟರ್ ಮೇಲಿದೆ, ಅಲ್ಲಿಂದ ಇಲ್ಲಿಗೆ ಬಂದ್ರೆ ಕಳ್ಕೊಳ್ಳೋದು ಎರಡು ಮೂರು ಪರ್ಸೆಂಟ್, ಅದು ನಿಮ್ಮ ಕಾಲಿಗೆ ಗೊತ್ತಾಗೋದೇ ಇಲ್ಲ. ಅಲ್ಲಿ ಸರಿ ಇದ್ದು ಇಲ್ಲಿ ಎಳೀತಾ ಇಲ್ಲ ಅಂದ್ರೆ ಗಾಡೀಲೇ ಏನೋ ಇದೆ, ಘಾಟಿ ಅದನ್ನ ತೋರಿಸಿದೆ ಅಷ್ಟೆ.

ಪವರ್ ಕಮ್ಮಿ ಅನಿಸ್ತಿದೆ, ಆದ್ರೆ ಗೆಳೆಯ ಓಡಿಸಿ ಸರಿ ಇದೆ ಅಂತಾನೆ, ಪಕ್ಕಾ ಹೇಗೆ ಹೇಳೋದು?

ಅನಿಸಿಕೆ ನಂಬ್ಬೇಡಿ, ನಂದೂ ನಂಬಲ್ಲ ನಾನು. ಟ್ರಾಫಿಕ್ ಇಲ್ಲದ ಒಂದು ನೇರ, ಸಮತಟ್ಟು ರಸ್ತೆ ನೋಡ್ಕೊಳ್ಳಿ, ಕುಶಾಲನಗರ ದಾಟಿ ಪಿರಿಯಾಪಟ್ಟಣದ ಕಡೆ ಹೋದ್ರೆ ಸಿಗುತ್ತೆ, ಘಾಟೀಲಿ ದಯವಿಟ್ಟು ಬೇಡ. ಎಸಿ ಆಫ್, ಮೂರನೇ ಗೇರು, 40ರಿಂದ ಆಕ್ಸಿಲರೇಟರ್ ಪೂರ್ತಿ ಒತ್ತಿ 80 ಆಗೋವರೆಗೆ ಪಕ್ಕದಲ್ಲಿ ಕೂತೋರು ಸ್ಪೀಡೋಮೀಟರನ್ನ ಮೊಬೈಲಲ್ಲಿ ವಿಡಿಯೋ ಮಾಡ್ಲಿ, ಆಮೇಲೆ ತಿರುಗಿ ಬಂದು ಇನ್ನೊಂದು ದಿಕ್ಕಲ್ಲೂ ಅದೇ ಮಾಡಿ ಎರಡರ ಸರಾಸರಿ ಬರ್ಕೊಳ್ಳಿ. ನನ್ನ ಗಾಡಿ ಸರಿ ಇದ್ದಾಗ ಐದು ಸೆಕೆಂಡಿಗಿಂತ ಸ್ವಲ್ಪ ಕಮ್ಮಿ, ಕೆಟ್ಟಾಗ ಏಳೂವರೆ. ಈ ಒಂದು ನಂಬರ್ ಕೈಲಿದ್ರೆ ರಿಪೇರಿ ಆದ್ಮೇಲೆ "ಈಗ ಸೂಪರಾಗಿದೆ ಸಾರ್" ಅನ್ನೋ ಮಾತಿಗೆ ತಲೆ ಆಡಿಸೋ ಕರ್ಮ ಇರಲ್ಲ. ಗಾಡಿ ಚೆನ್ನಾಗಿರುವಾಗಲೇ ಒಮ್ಮೆ ಅಳೆದು ಇಟ್ಕೊಂಡಿದ್ರೆ ಇನ್ನೂ ಒಳ್ಳೇದು, ಯಾರೂ ಮಾಡಲ್ಲ ಅದನ್ನ.

ಆರ್‌ಪಿಎಂ ಸರ್ರಂತ ಏರುತ್ತೆ, ಗಾಡಿ ಮಾತ್ರ ಮುಂದೆ ಹೋಗಲ್ಲ ಮಾರಾಯ್ರೆ!

ಕ್ಲಚ್ ಜಾರ್ತಿದೆ, ಇಂಜಿನ್ ಚೆನ್ನಾಗೇ ಇದೆ. ನಾಲ್ಕನೇ ಅಥವಾ ಐದನೇ ಗೇರಲ್ಲಿ 2000 ಆರ್‌ಪಿಎಂ ಇಟ್ಟು ಏರು ರಸ್ತೇಲಿ ಪೂರ್ತಿ ಒತ್ತಿ ನೋಡಿ, ಸ್ಪೀಡ್ ಏರದೆ ಮುಳ್ಳು ಮಾತ್ರ ಮೇಲೆ ಹೋದ್ರೆ, ಜೊತೆಗೆ ಸುಟ್ಟ ವಾಸನೆ ಬಂದ್ರೆ ಮುಗೀತು, ಬೇರೆ ಟೆಸ್ಟ್ ಬೇಡ. ರೀಮ್ಯಾಪ್ (ಪವರ್ ಏರ್ಸೋಕೆ ಇಂಜಿನ್ ಕಂಪ್ಯೂಟರಿನ ಸೆಟ್ಟಿಂಗ್ ಬದಲಾಯಿಸೋದು) ಮಾಡಿಸಿ ಹಳೇ ಕ್ಲಚ್ ಉಳಿಸ್ಕೊಂಡೋರಿಗೆ ಇದು ಗ್ಯಾರಂಟಿ.

ಮಳೆಗಾಲ ಪೂರ್ತಿ ಶೆಡ್ಡಲ್ಲಿ ನಿಲ್ಸಿದ್ದೆ, ಈಗ ತೆಗೆದ್ರೆ ಯಾರೋ ಹಿಂದಿಂದ ಹಿಡ್ಕೊಂಡ ಹಾಗೆ ಆಗ್ತಿದೆ

ಹಿಡ್ಕೊಂಡೇ ಇರುತ್ತೆ, ಬ್ರೇಕು. ಜೂನಿಂದ ಸೆಪ್ಟೆಂಬರ್‌ವರೆಗೆ ನಮ್ಮೂರ ತೇವದಲ್ಲಿ ಹ್ಯಾಂಡ್‌ಬ್ರೇಕ್ ಎಳೆದು ನಿಲ್ಸಿದ್ರೆ ಕೇಬಲ್ ತುಕ್ಕು ಹಿಡಿದು ಬಿಡಲ್ಲ, ಬ್ರೇಕ್ ಪ್ಯಾಡ್ ಒತ್ತೋ ಕ್ಯಾಲಿಪರಿನ ಪಿನ್ನು ಅಂಟ್ಕೊಳ್ಳುತ್ತೆ. ಹತ್ತು ಕಿಲೋಮೀಟರ್ ಓಡಿಸಿ, ಆದಷ್ಟು ಬ್ರೇಕ್ ಒತ್ತದೆ ನಿಲ್ಸಿ, ನಾಲ್ಕು ಚಕ್ರದ ಹತ್ರಾನೂ ಕೈ ಒಯ್ದು ನೋಡಿ. ಮುಟ್ಬೇಡಿ, ಹತ್ರ ಒಯ್ದ್ರೆ ಸಾಕು, ಒಂದು ಚಕ್ರ ಮಾತ್ರ ಒಲೆ ಥರ ಕಾದಿದ್ರೆ ಅದೇ. ಮುಂದಿನ ಸಲ ನಿಲ್ಸುವಾಗ ಗೇರಲ್ಲಿ ಬಿಟ್ಟು ಚಕ್ರಕ್ಕೆ ಕಟ್ಟೆ ಕೊಡಿ, ಹ್ಯಾಂಡ್‌ಬ್ರೇಕ್ ಬೇಡ.

ಚಕ್ರ ತಣ್ಣಗಿದ್ರೆ ಅಲ್ಲಿಂದ ಸೀದಾ ಏರ್ ಫಿಲ್ಟರ್ ಡಬ್ಬಿ ತೆಗೀರಿ, ಒಳಗೆ ಯಾರಾದ್ರೂ ಸಂಸಾರ ಹೂಡಿದಾರಾ ನೋಡಿ. ಇದರ ಕತೆ ಕೆಳಗಿದೆ.

ಮಳೇಲಿ ಮಾತ್ರ ಒತ್ತಿದಾಗ ಗಾಡಿ ಮುಗ್ಗರಿಸುತ್ತೆ, ಬಿಸಿಲಲ್ಲಿ ಏನೂ ಇಲ್ಲ

ಎರಡು ಕಾರಣ, ಡ್ಯಾಶ್‌ಬೋರ್ಡ್ ನೋಡಿದ್ರೆ ಯಾವ್ದು ಅಂತ ಗೊತ್ತಾಗುತ್ತೆ. ಜಾರೋ ಗಾಡಿಯ ಚಿತ್ರ ಇರೋ ಹಳದಿ ಲೈಟು ಪಟಪಟ ಅಂತ ಮಿನುಗಿದ್ರೆ ಅದು ಟ್ರ್ಯಾಕ್ಷನ್ ಕಂಟ್ರೋಲ್, ಒದ್ದೆ ಎಲೆ ಬಿದ್ದ ರಸ್ತೇಲಿ ಚಕ್ರ ಜಾರೋದಕ್ಕೆ ಅದೇ ಪವರ್ ಕಟ್ ಮಾಡ್ತಿದೆ, ದೇವ್ರ ಹಾಗೆ ಕಾಪಾಡ್ತಿದೆ ಅಂದ್ಕೊಂಡು ಟಯರ್ ಸವೆದಿದೆಯಾ ನೋಡಿ. ಇಂಜಿನ್ ಚಿತ್ರದ ಲೈಟು ಬಂದ್ರೆ ಮಿಸ್‌ಫೈರ್, ಅಂದ್ರೆ ಯಾವ್ದೋ ಸಿಲಿಂಡರಲ್ಲಿ ಕಿಡಿ ಸರಿ ಹತ್ತುತ್ತಿಲ್ಲ. ಪ್ಲಗ್ಗಿಗೆ ಕರೆಂಟ್ ಕೊಡೋ ಕಾಯಿಲ್ ಮೇಲೆ ಕೂದಲೆಳೆಯಷ್ಟು ಬಿರುಕು ಇದ್ರೂ ತೇವಕ್ಕೆ ಕಿಡಿ ಪಕ್ಕಕ್ಕೆ ಹಾರುತ್ತೆ. ರಾತ್ರಿ ಕತ್ತಲಲ್ಲಿ ಕವರ್ ತೆಗೆದು, ಇಂಜಿನ್ ಐಡಲಲ್ಲಿ (ಆಕ್ಸಿಲರೇಟರ್ ಒತ್ತದೆ) ಇಟ್ಟು, ಕಾಯಿಲ್ ಸುತ್ತ ಸ್ಪ್ರೇ ಬಾಟ್ಲಿಂದ ಮಂಜಿನ ಥರ ತೆಳ್ಳಗೆ ನೀರು ಹೊಡೆದ್ರೆ ಎಷ್ಟೋ ಸಲ ನೀಲಿ ಕಿಡಿ ಕಣ್ಣಿಗೇ ಕಾಣುತ್ತೆ. ಕೈ ಮಾತ್ರ ದೂರ ಇರ್ಲಿ, ಹೊಡೆದ್ರೆ ಜನ್ಮಪೂರ್ತಿ ನೆನಪಿರುತ್ತೆ.

## ಲೈಟ್ ಬಂತು, ಸ್ಕ್ಯಾನರ್ ಸಿಕ್ಕಿಸಿದ್ವಿ

ಘಾಟೀಲಿ ಇಂಜಿನ್ ಲೈಟ್ ಬಂದು 3000 ಮೇಲೆ ಏರ್ಲೇ ಇಲ್ಲ, ಆಫ್ ಮಾಡಿ ಆನ್ ಮಾಡಿದ್ರೆ ಸರಿ ಹೋಯ್ತು, ಹಾಗೇ ಓಡಿಸ್ಲಾ?

ಅದಕ್ಕೆ ಲಿಂಪ್ ಮೋಡ್ ಅಂತಾರೆ, ಕುಂಟ್ಕೊಂಡು ಮನೆ ಸೇರ್ಕೋ ಅಂತ ಕಂಪ್ಯೂಟರ್ ಬಿಟ್ಟಿರೋ ದಾರಿ. ಆಫ್ ಮಾಡಿ ಆನ್ ಮಾಡಿದ್ರೆ ಮರೆತ ಹಾಗೆ ಕಾಣುತ್ತೆ, ಮರೆತಿರಲ್ಲ, ತೊಂದ್ರೆ ಏನು ಅಂತ ಗುರುತು ಹಾಕಿದ ಕೋಡ್ ಒಳಗೆ ಇರುತ್ತೆ. ಲೈಟ್ ಸುಮ್ನೆ ಉರೀತಿದ್ರೆ ಮೆಲ್ಲಗೆ ಮನೆವರೆಗೆ ಬರ್ಬಹುದು, ಟೆಂಪರೇಚರ್ ಮತ್ತು ಆಯಿಲ್ ಲೈಟ್ ಮೇಲೆ ಕಣ್ಣಿಟ್ಕೊಂಡು. ಲೈಟ್ ಮಿನುಗ್ತಾ ಇದ್ರೆ ಪೂರ್ತಿ ಬೇರೆ ವಿಷಯ, ಸುಡದ ಪೆಟ್ರೋಲ್ ಸೈಲೆನ್ಸರ್ ದಾರೀಲಿರೋ ಕ್ಯಾಟಲಿಟಿಕ್ ಕನ್ವರ್ಟರ್‌ಗೆ ಹೋಗಿ ಅಲ್ಲಿ ಉರಿದು ಅದನ್ನೇ ಕರಗಿಸುತ್ತೆ. ಒಂದು ಕಾಯಿಲ್ ದುಡ್ಡಲ್ಲಿ ಮುಗಿಯೋದು ಅದರ ಎಷ್ಟೋ ಪಟ್ಟು ಆಗುತ್ತೆ. ಮಿನುಗಿದ್ರೆ ಬದಿಗೆ ಹಾಕಿ.

ಕೋಡನ್ನ ಬರ್ಕೊಳ್ದೆ ಅಳಿಸೋರು ಜಾಸ್ತಿ. ಅಳಿಸಿ ಆಮೇಲೆ ನಂಗೆ ಫೋನ್ ಮಾಡ್ತಾರೆ!

ಪಿ0299 ಬಂತು, ಟರ್ಬೊ ಹೋಗಿದೆ, ಬದಲಾಯಿಸ್ಬೇಕು ಅಂದ್ರು, ಹೌದಾ?

ಈ ಕೋಡ್ ಹೇಳೋದು ಇಷ್ಟೆ: ಕಂಪ್ಯೂಟರ್ ಕೇಳಿದಷ್ಟು ಬೂಸ್ಟ್, ಅಂದ್ರೆ ಟರ್ಬೊ ಒತ್ತೋ ಗಾಳಿ, ಬರ್ಲಿಲ್ಲ. ಯಾಕೆ ಬರ್ಲಿಲ್ಲ ಅಂತ ಅದು ಹೇಳಲ್ಲ, ಟರ್ಬೊ ಹೋಗಿದೆ ಅಂತಂತೂ ಹೇಳೋದೇ ಇಲ್ಲ.

ನಂಗೂ ಇದೇ ಆಯ್ತು. ಎರಡು ಗ್ಯಾರೇಜು, ನಾಲ್ಕು ತಿಂಗಳು, ಪ್ಲಗ್ ಹಾಕಿದ್ರು, ಕಾಯಿಲ್ ಹಾಕಿದ್ರು, ಪೆಟ್ರೋಲ್ ಪಂಪ್ ಹಾಕಿದ್ರು, ಕೊನೆಗೆ ಟರ್ಬೊಗೆ ಕೊಟೇಶನ್ ಕೊಟ್ರು, ಆ ದುಡ್ಡಲ್ಲಿ ನಮ್ಮ ಕಣಕ್ಕೆ ಸಿಮೆಂಟ್ ಹಾಕಿಸಿ ಇನ್ನೂ ಮಿಗ್ತಿತ್ತು. ಒಂದು ಭಾನುವಾರ ನಾನೇ ಏರ್ ಫಿಲ್ಟರ್ ಡಬ್ಬಿ ಬಿಚ್ಚಿದೆ. ಒಳಗೆ ಸಿಲ್ವರ್ ಓಕಿನ ಒಣಗಿದ ಎಲೆ, ಗೋಣಿಚೀಲದ ನೂಲು, ನಡುವೆ ಒಂದು ಹಿಡಿಯಷ್ಟು ಕಾಫಿ ಹೊಟ್ಟು, ಚೆನ್ನಾಗಿ ಗುಂಡಗೆ ಮೆತ್ತೆ ಮಾಡ್ಕೊಂಡಿತ್ತು ಇಲಿ, ನಮ್ಮ ಪಕ್ಕದ ಸ್ಟೋರಿಂದ ತಂದಿದ್ದು. ಸರಿ ಇದೇ ಅಂತ ಕ್ಲೀನ್ ಮಾಡಿ ಓಡಿಸಿದ್ರೆ ಏಳೂವರೆ ಸೆಕೆಂಡು ಏಳು ಆಯ್ತು ಅಷ್ಟೆ. ಹಾಗಾದ್ರೆ ಆ ಇಲಿ ಇನ್ನೂ ಎಲ್ಲಿ ಬಾಯಿ ಹಾಕಿದೆ ಅಂತ ಟಾರ್ಚ್ ಹಿಡಿದು ಹುಡುಕಿದೆ. ಬೂಸ್ಟ್ ಕಂಟ್ರೋಲ್ ಮಾಡೋ ಸೊಲೆನಾಯ್ಡ್ ವಾಲ್ವಿಗೆ ಹೋಗೋ ಪೆನ್ಸಿಲ್ ದಪ್ಪದ ರಬ್ಬರ್ ಪೈಪು, ಅಡಿಭಾಗದಲ್ಲಿ ಎರಡು ಸಣ್ಣ ಹಲ್ಲಿನ ಗುರುತು, ಬೆರಳಲ್ಲಿ ಬಾಗಿಸಿದಾಗ ಮಾತ್ರ ಬಾಯಿ ಬಿಡ್ತಿತ್ತು, ಮೇಲಿಂದ ನೋಡಿದ್ರೆ ಹೊಸದರ ಹಾಗೆ. ಒಂದು ಅಡಿ ಪೈಪು, ಎರಡು ಕ್ಲಿಪ್ಪು, ಆ ದಿನದ ಖರ್ಚು ಮುನ್ನೂರು ರೂಪಾಯಿ ಒಳಗೆ.

ಅದಕ್ಕೇ ನನ್ನ ಕ್ರಮ ಈಗ ಇದು: ಮೊದಲು ಫಿಲ್ಟರ್ ಡಬ್ಬಿ, ಆಮೇಲೆ ಇಂಟರ್‌ಕೂಲರ್‌ನ ದಪ್ಪ ಪೈಪುಗಳು (ಟರ್ಬೊದ ಬಿಸಿ ಗಾಳೀನ ತಣ್ಣಗೆ ಮಾಡೋ ರೇಡಿಯೇಟರ್ ಥರದ್ದು ಇಂಟರ್‌ಕೂಲರ್). ಕ್ಲಾಂಪ್ ಹತ್ರ ಎಣ್ಣೆ ಪಸೆಗೆ ಧೂಳು ಮೆತ್ತಿ ಕಪ್ಪಗೆ ಕೂತಿದ್ರೆ ಅಲ್ಲಿಂದ ಗಾಳಿ ಉಗೀತಿದೆ. ಪೈಪಿಗೆ ಹೊಗೆ ಬಿಟ್ಟು ಲೀಕ್ ತೋರಿಸೋ ಸ್ಮೋಕ್ ಮಷಿನ್ ಇರೋ ಗ್ಯಾರೇಜ್ ಸಿಕ್ರೆ ಹತ್ತು ನಿಮಿಷದ ಕೆಲಸ. ಸಿಗದಿದ್ರೆ ಪಿವಿಸಿ ಎಂಡ್ ಕ್ಯಾಪಿಗೆ ಟ್ಯೂಬ್‌ಲೆಸ್ ಟಯರಿನ ವಾಲ್ವ್ ಕೂರಿಸಿ, ಟರ್ಬೊ ಬಾಯಿಗೆ ಬಿಗಿದು, 10-15 ಪಿಎಸ್‌ಐ ಅಷ್ಟೇ ಗಾಳಿ ಬಿಟ್ಟು, ಸೋಪಿನ ನೀರು ಹಚ್ಚಿ, ಪಂಕ್ಚರ್ ಅಂಗಡಿಯವರು ಮಾಡೋ ಹಾಗೆ ಗುಳ್ಳೆ ನೋಡಿ. ಅದೆಲ್ಲ ಸರಿ ಇದ್ರೆ ಡೈವರ್ಟರ್ ವಾಲ್ವಿನ ಡಯಾಫ್ರಮ್ ಹರಿದಿದೆಯಾ, ವೇಸ್ಟ್‌ಗೇಟ್ ತೋಳು ಸಲೀಸಾಗಿ ಆಡುತ್ತಾ ನೋಡಿ (ಮೊದಲನೇದು ಪೆಡಲ್ ಬಿಟ್ಟಾಗ ಮಿಕ್ಕ ಬೂಸ್ಟ್ ತಿರುಗಿಸೋದು, ಎರಡನೇದು ಟರ್ಬೊಗೆ ಹೋಗೋ ಹೊಗೆ ಕಮ್ಮಿ ಮಾಡಿ ಬೂಸ್ಟ್ ಮಿತೀಲಿಡೋದು). ಟರ್ಬೊ ಸರದಿ ಕೊನೇದು: ತಣ್ಣಗಿರುವಾಗ ಬೆರಳಲ್ಲಿ ಚಕ್ರ ತಿರುಗಿಸಿ, ರೆಕ್ಕೆ ಗೋಡೆಗೆ ತಾಗಿದ್ರೆ, ರೆಕ್ಕೆ ಮುರಿದಿದ್ರೆ, ನೀಲಿ ಹೊಗೆ ಬರ್ತಿದ್ರೆ ಆಗ ಮಾತ್ರ ಕೊಟೇಶನ್ ಕೇಳಿ.

(ಇಲಿಗೆ ಹೊಗೆಸೊಪ್ಪು ಇಟ್ರೆ ಬರಲ್ಲ ಅಂತಾರೆ. ನಮ್ಮನೆ ಇಲಿ ಅದನ್ನೂ ಗೂಡಿಗೆ ಸೇರಿಸ್ಕೊಂಡಿತ್ತು. ವಾರಕ್ಕೆರಡು ಸಲ ಗಾಡಿ ಸ್ಟಾರ್ಟ್ ಮಾಡಿ ಸ್ವಲ್ಪ ದೂರ ಓಡಿಸಿ, ರಾತ್ರಿ ಬಾನೆಟ್ ಎತ್ತಿಟ್ಟು ಮಲಗಿ, ನನಗೆ ಕೆಲಸ ಮಾಡಿದ್ದು ಅದೇ.)

ಕೋಡೇ ಇಲ್ಲ, ಸ್ಕ್ಯಾನರ್ ಎಲ್ಲ ಓಕೆ ಅಂತಿದೆ, ಆದ್ರೂ ಎಳೀತಿಲ್ಲ

ಕೋಡ್ ಬರೋದು ಹದ್ದು ಮೀರಿದಾಗ, ಹದ್ದಿನ ಅಂಚಲ್ಲಿ ಕೂತಿದ್ರೆ ಬರಲ್ಲ. ಲೈವ್ ಡೇಟಾ ತೆಗೀರಿ, ಮೊಬೈಲಿಗೆ ಬ್ಲೂಟೂತಲ್ಲಿ ಕನೆಕ್ಟ್ ಆಗೋ ಓಬಿಡಿ ಡಬ್ಬಿ ಸಾಕು.

ಮೊದಲು ಆಕ್ಸಿಲರೇಟರ್ ಪೂರ್ತಿ ಒತ್ತಿ ಪೆಡಲ್ ಪೊಸಿಷನ್ ನೋಡಿ. ನಗ್ಬೇಡಿ, ದಪ್ಪ ರಬ್ಬರ್ ಮ್ಯಾಟ್ ಮೇಲೆ ಮ್ಯಾಟ್ ಹಾಕಿ ಪೆಡಲ್ ಮುಕ್ಕಾಲಕ್ಕೇ ನಿಲ್ತಿದ್ದ ಗಾಡಿ ನಾನೇ ನೋಡಿದೀನಿ, ಓನರ್ ಪ್ಲಗ್ ಸೆಟ್ಟೇ ಬದಲಾಯಿಸಿದ್ರು.

ಆಮೇಲೆ ಇಂಜಿನ್ ಆಫ್ ಇಟ್ಟು ಕೀ ಮಾತ್ರ ಆನ್ ಮಾಡಿ ಮ್ಯಾನಿಫೋಲ್ಡ್ ಪ್ರೆಶರ್, ಅಂದ್ರೆ ಇಂಜಿನ್ನಿಗೆ ಗಾಳಿ ಹೋಗೋ ಪೈಪಿನ ಒತ್ತಡ, ನೋಡಿ. ಮಂಗಳೂರಲ್ಲಿ ಅದು 101 ಕಿಲೋಪ್ಯಾಸ್ಕಲ್ ಹತ್ರ, ಮಡಿಕೇರೀಲಿ 88 ಹತ್ರ ತೋರಿಸ್ಬೇಕು. ಮಡಿಕೇರೀಲಿ ನಿಂತ್ಕೊಂಡು 101 ತೋರಿಸಿದ್ರೆ ಸೆನ್ಸರ್ ಸುಳ್ಳು ಹೇಳ್ತಿದೆ, ಆ ಸುಳ್ಳಿನ ಮೇಲೆ ಕಂಪ್ಯೂಟರ್ ಲೆಕ್ಕ ಹಾಕ್ತಿದೆ.

ಮೂರನೇದು ಫ್ಯೂಯಲ್ ಟ್ರಿಮ್, ಅಂದ್ರೆ ಕಂಪ್ಯೂಟರ್ ತನ್ನ ಲೆಕ್ಕಕ್ಕಿಂತ ಎಷ್ಟು ಪೆಟ್ರೋಲ್ ಕೂಡಿಸ್ತಿದೆ, ಕಳೀತಿದೆ ಅಂತ. ಐದು ಹತ್ತು ಪರ್ಸೆಂಟ್ ಆಚೆ ಈಚೆ ಇರ್ಲಿ ಬಿಡಿ. ಐಡಲಲ್ಲಿ ಪ್ಲಸ್ 20 ಇದ್ದು ಆರ್‌ಪಿಎಂ ಏರಿಸಿದಾಗ ಇಳಿದ್ರೆ ಎಲ್ಲೋ ವ್ಯಾಕ್ಯೂಮ್ ಲೀಕ್, ಲೆಕ್ಕಕ್ಕೆ ಸಿಗದ ಗಾಳಿ ಒಳಗೆ ನುಗ್ತಿದೆ. ಐಡಲಲ್ಲಿ ಸರಿ ಇದ್ದು ಲೋಡ್ ಬಿದ್ದಂಗೆ ಏರ್ತಾ ಹೋದ್ರೆ ಪೆಟ್ರೋಲ್ ಸಾಲ್ತಿಲ್ಲ, ಇಲ್ಲ ಗಾಳಿ ಅಳೆಯೋ ಮ್ಯಾಫ್ ಸೆನ್ಸರ್ ಕಮ್ಮಿ ಓದ್ತಿದೆ. ಮ್ಯಾಫಿಗೆ ಒಂದು ಒರಟು ಲೆಕ್ಕ ಇದೆ: ಪೂರ್ತಿ ಒತ್ತಿದಾಗ ಸೆಕೆಂಡಿಗೆ ಎಷ್ಟು ಗ್ರಾಮ್ ಗಾಳಿ ತೋರಿಸುತ್ತೋ ಅದನ್ನ 0.8ರಿಂದ ಭಾಗಿಸಿದ್ರೆ ಹತ್ತತ್ರ ಹಾರ್ಸ್‌ಪವರ್ ಸಿಗುತ್ತೆ. 200ರ ಗಾಡಿ 160 ಗ್ರಾಮ್ ತೋರಿಸ್ಬೇಕಾದಲ್ಲಿ 110 ತೋರಿಸಿದ್ರೆ ನಿಮ್ಮ ಅನಿಸಿಕೆ ನಿಜ ಅಂತಾಯ್ತು.

ಎಣ್ಣೆ ಹಾಕೋ ಕಾಟನ್ ಫಿಲ್ಟರ್ ಹಾಕಿಸ್ದೆ, ಪವರ್ ಜಾಸ್ತಿ ಆಗೋ ಬದ್ಲು ಕಮ್ಮಿ ಆಯ್ತು

ಎಣ್ಣೆ ಜಾಸ್ತಿ ಆಗಿ ಮ್ಯಾಫ್ ಸೆನ್ಸರಿನ ತಂತಿಗೆ ಅಂಟಿದೆ. ಮ್ಯಾಫ್ ಕ್ಲೀನರ್ ಸ್ಪ್ರೇನೇ ತಗೊಳ್ಳಿ, ಕಾರ್ಬೊರೇಟರ್ ಕ್ಲೀನರ್ ಬೇಡ, ಬಟ್ಟೇಲಿ ಒರೆಸೋದು ಬೇಡವೇ ಬೇಡ. ಆಮೇಲೆ ಕಂಪನಿಯ ಪೇಪರ್ ಫಿಲ್ಟರ್ ವಾಪಸ್ ಹಾಕಿ.

ಎಲ್ಲಾ ಪೆಟ್ರೋಲಿಂದಾನೇ, ಎಥೆನಾಲ್ ಹಾಕಿ ಹಾಳು ಮಾಡಿದಾರೆ ಅಂತಾರಲ್ಲ?

ಅರ್ಧ ನಿಜ. ಲೀಟರಿಗೆ ಲೆಕ್ಕ ಹಾಕಿದ್ರೆ ಎಥೆನಾಲಲ್ಲಿ ಪೆಟ್ರೋಲಿಗಿಂತ ಮೂರನೇ ಒಂದು ಭಾಗದಷ್ಟು ಶಕ್ತಿ ಕಮ್ಮಿ, ಹಾಗಾಗಿ 20 ಪರ್ಸೆಂಟ್ ಬೆರೆಸಿದ ಪೆಟ್ರೋಲಲ್ಲಿ ಮೈಲೇಜ್ ಸ್ವಲ್ಪ ಬೀಳುತ್ತೆ. ಆದ್ರೆ ಪವರ್ ಅಷ್ಟೇ ಬೀಳ್ಬೇಕು ಅಂತಿಲ್ಲ, ಕಂಪ್ಯೂಟರ್ ಆಕ್ಸಿಜನ್ ಸೆನ್ಸರ್ ನೋಡಿ ಜಾಸ್ತಿ ಸುರಿದು ಸರಿ ಮಾಡುತ್ತೆ, ಪಂಪು ಇಂಜೆಕ್ಟರಿಗೆ ಅಷ್ಟು ಸುರಿಯೋ ತಾಕತ್ತು ಇರೋವರೆಗೆ. ಎಥೆನಾಲಿಂದ ಆಕ್ಟೇನ್ (ಇಂಜಿನ್ ಕುಟ್ಟದ ಹಾಗೆ ತಡೆಯೋ ಗುಣ) ಏರೋದೂ ಹೌದು.

ನಮ್ಮ ಕಡೆ ನಿಜವಾದ ತೊಂದ್ರೆ ನೀರು. ಎಥೆನಾಲ್ ತೇವ ಎಳ್ಕೊಳ್ಳುತ್ತೆ, ಅರ್ಧ ಖಾಲಿ ಟ್ಯಾಂಕಲ್ಲಿ ಮಳೆಗಾಲ ಕಳೆದ್ರೆ ಒಂದು ಹಂತ ದಾಟಿದ ಮೇಲೆ ನೀರೂ ಎಥೆನಾಲೂ ಒಟ್ಟಿಗೆ ಬೇರೆಯಾಗಿ ಟ್ಯಾಂಕಿನ ತಳಕ್ಕೆ ಕೂರುತ್ತೆ, ಪಂಪ್ ಮೊದಲು ಎಳೆಯೋದು ಅದನ್ನೇ. ಗಾಜಿನ ಬಾಟ್ಲಿಗೆ ಸ್ವಲ್ಪ ಹಿಡಿದು ಒಂದು ಗಂಟೆ ಇಡಿ, ಎರಡು ಪದರ ಕಂಡ್ರೆ ಟ್ಯಾಂಕ್ ಖಾಲಿ ಮಾಡಿಸಿ. ನಿಲ್ಸೋದಾದ್ರೆ ಟ್ಯಾಂಕ್ ತುಂಬಿಸಿ ನಿಲ್ಸಿ.

ಇನ್ನು ಆಕ್ಟೇನ್. ಪೆಟ್ರೋಲ್ ಮುಚ್ಚಳದ ಒಳಗೆ 95 ಅಥವಾ 98 ಅಂತ ಬರೆದಿದ್ರೆ ಅಷ್ಟನ್ನೇ ಹಾಕಿ. ಕಮ್ಮಿ ಹಾಕಿದ್ರೆ ಇಂಜಿನ್ ಒಳಗೆ ಕುಟ್ಟೋಕೆ ಶುರು ಆಗಿ, ನಾಕ್ ಸೆನ್ಸರ್ ಅದನ್ನ ಕೇಳಿಸ್ಕೊಂಡು ಕಂಪ್ಯೂಟರ್ ಕಿಡಿಯನ್ನ ತಡ ಮಾಡಿ ಹಾರಿಸುತ್ತೆ, ಪವರ್ ಅಲ್ಲೇ ಹೋಯ್ತು. ಲಾರಿ ಹಿಂದೆ ಎರಡನೇ ಗೇರಲ್ಲಿ ಘಾಟಿ ಹತ್ತಿ ಇಂಟರ್‌ಕೂಲರ್ ಕಾದಿದ್ರೆ ಇನ್ನೂ ಜಾಸ್ತಿ.

## ಸ್ಪ್ಯಾನರ್ ಹಿಡಿಯೋ ಹಂತ

ಒಂದು ಸಿಲಿಂಡರ್ ಮಿಸ್ ಅಂತ ಕೋಡ್ ಬಂದಿದೆ, ಕಾಯಿಲಾ ಪ್ಲಗ್ಗಾ ಇಂಜೆಕ್ಟರಾ?

ಪಿ0302 ಅಂದ್ರೆ ಎರಡನೇ ಸಿಲಿಂಡರ್. ಅದರ ಕಾಯಿಲ್ ತೆಗೆದು ಮೂರಕ್ಕೆ ಹಾಕಿ, ಮೂರರದ್ದು ಎರಡಕ್ಕೆ. ಕೋಡ್ ಪಿ0303 ಆದ್ರೆ ಕಾಯಿಲ್. ಅಲ್ಲೇ ಇದ್ರೆ ಪ್ಲಗ್ಗನ್ನ ಹಾಗೇ ಅದಲು ಬದಲು ಮಾಡಿ. ಅದಕ್ಕೂ ಕದಲದಿದ್ರೆ ಪೆಟ್ರೋಲ್ ಸಿಂಪಡಿಸೋ ಇಂಜೆಕ್ಟರ್ ಅಥವಾ ಕಂಪ್ರೆಷನ್, ಅಂದ್ರೆ ಸಿಲಿಂಡರ್ ಒಳಗೆ ಪಿಸ್ಟನ್ ಗಾಳಿ ಒತ್ತೋ ತಾಕತ್ತು. ಇಷ್ಟಕ್ಕೆ ಒಂದು ಪೈಸೆ ಖರ್ಚಿಲ್ಲ. ಟರ್ಬೊ ಗಾಡಿಗೆ ಪ್ಲಗ್ ಗ್ಯಾಪ್ ಸಾಮಾನ್ಯವಾಗಿ 0.7-0.8 ಮಿಲಿಮೀಟರ್ ಇರುತ್ತೆ, ನಿಮ್ಮ ಮ್ಯಾನ್ಯುಯಲ್ ಹೇಳಿದ್ದೇ ಅಂತಿಮ. ಸವೆದು ಅಗಲ ಆದ್ರೆ ಐಡಲಲ್ಲಿ ಗೊತ್ತಾಗಲ್ಲ, ಬೂಸ್ಟ್ ಬಂದಾಗ ಮಾತ್ರ ಕಿಡಿ ಆರುತ್ತೆ.

ಸ್ಟಾರ್ಟ್ ಚೆನ್ನಾಗಾಗುತ್ತೆ, ಐಡಲೂ ಸರಿ, ಮೇಲೆ ಹೋದಂಗೆ ಉಸಿರು ಕಟ್ಟುತ್ತೆ

ಹೊಗೆ ಹೋಗೋ ದಾರಿ ಕಟ್ಟಿರ್ಬಹುದು. ಕನ್ವರ್ಟರ್ ಮುಂಚೆ ಇರೋ ಆಕ್ಸಿಜನ್ ಸೆನ್ಸರ್ ಬಿಚ್ಚಿ ಆ ತೂತಿಗೆ ಪ್ರೆಶರ್ ಗೇಜ್ ಹಾಕಿಸಿ. ಐಡಲಲ್ಲಿ 1.25 ಪಿಎಸ್‌ಐ ಒಳಗೆ, 2500 ಆರ್‌ಪಿಎಂಗೆ 3ರ ಒಳಗೆ ಇದ್ರೆ ದಾರಿ ಸಲೀಸು. ಜಾಸ್ತಿ ಇದ್ರೆ ಒಳಗಿನ ಜೇನುಗೂಡು ಕರಗಿ ಕಟ್ಟಿದೆ. ಆದ್ರೆ ಅದು ತಾನಾಗೇ ಕರಗಲ್ಲ, ಮೊದ್ಲು ಮಿಸ್‌ಫೈರ್ ಇತ್ತಾ, ಇಂಜಿನ್ ಆಯಿಲ್ ಕುಡೀತಿದೆಯಾ ನೋಡದೆ ಹೊಸದು ಹಾಕಿದ್ರೆ ಅದೂ ಕರಗುತ್ತೆ.

ಕಂಪ್ರೆಷನ್ ಟೆಸ್ಟಲ್ಲಿ 155 ಪಿಎಸ್‌ಐ ಬಂತು, ಪುಸ್ತಕದಲ್ಲಿ 180 ಇದೆ, ಇಂಜಿನ್ ಕೆಲಸಕ್ಕೆ ಇಳಿಸ್ಬೇಕು ಅಂತಿದಾರೆ

ತಡೀರಿ, ಇಳಿಸ್ಬೇಡಿ! ಟೆಸ್ಟ್ ಎಲ್ಲಿ ಮಾಡಿದ್ರು? ಪುಸ್ತಕದ ನಂಬರ್ ಸಮುದ್ರ ಮಟ್ಟದ್ದು. ಮಡಿಕೇರೀಲಿ ಸಿಲಿಂಡರಿಗೆ ಹೋಗೋ ಗಾಳಿಯೇ ಕಮ್ಮಿ ಒತ್ತಡದ್ದು, 180 ಕೊಡೋ ಒಳ್ಳೇ ಇಂಜಿನ್ ಇಲ್ಲಿ 155-160 ತೋರಿಸೋದು ಸಹಜ. ವ್ಯಾಕ್ಯೂಮ್ ಗೇಜೂ ಹಾಗೇ, ಪುಸ್ತಕದ್ದಕ್ಕಿಂತ ಇಲ್ಲಿ ಸುಮಾರು 4 ಇಂಚು (ಪಾದರಸದ ಲೆಕ್ಕ) ಕಮ್ಮಿ ಓದುತ್ತೆ. ಇದು ಗೊತ್ತಿಲ್ದೆ ಇಂಜಿನ್ ಬಿಚ್ಚಿಸಿದೋರು ನಮ್ಮ ಕಡೆ ಇದಾರೆ, ಹೊಟ್ಟೆ ಉರಿಯುತ್ತೆ.

ನೋಡ್ಬೇಕಾದ್ದು ಸಿಲಿಂಡರ್ ಸಿಲಿಂಡರ್ ನಡುವಿನ ವ್ಯತ್ಯಾಸ. ಮೂರು 155 ಇದ್ದು ಒಂದು 110 ಇದ್ರೆ ಅದು ರೋಗ. ಇಂಜಿನ್ ಬಿಸಿ ಇರ್ಬೇಕು, ಥ್ರಾಟಲ್ ಪೂರ್ತಿ ತೆರೆದಿರ್ಬೇಕು, ಬ್ಯಾಟರಿ ಫುಲ್ ಇರ್ಬೇಕು. ಕಮ್ಮಿ ಇರೋದಕ್ಕೆ ಒಂದು ಚಮಚ ಇಂಜಿನ್ ಆಯಿಲ್ ಬಿಟ್ಟು ಮತ್ತೆ ಅಳೆದಾಗ ಏರಿದ್ರೆ ಪಿಸ್ಟನ್ ರಿಂಗು, ಏರದಿದ್ರೆ ವಾಲ್ವು ಅಥವಾ ಹೆಡ್ ಗ್ಯಾಸ್ಕೆಟ್.

ಡೈರೆಕ್ಟ್ ಇಂಜೆಕ್ಷನ್ ಗಾಡಿಗೆ ಕಾರ್ಬನ್ ಕಟ್ಟುತ್ತೆ ಅಂತಾರೆ, ಪೆಟ್ರೋಲಿಗೆ ಬಾಟ್ಲಿ ಸುರಿದ್ರೆ ಹೋಗುತ್ತಾ?

ಹೋಗಲ್ಲ. ಪೆಟ್ರೋಲ್ ಸೀದಾ ಸಿಲಿಂಡರ್ ಒಳಗೇ ಸುರಿಯುತ್ತೆ, ಇನ್‌ಟೇಕ್ ವಾಲ್ವಿನ ಬೆನ್ನಿಗೆ ಅದು ತಾಗೋದೇ ಇಲ್ಲ, ಮತ್ತೆ ಬಾಟ್ಲೀಲಿ ಇರೋದು ತಾಗೋದು ಹೇಗೆ? ಮ್ಯಾನಿಫೋಲ್ಡ್ ಬಿಚ್ಚಿ ಅಕ್ರೋಟ್ ಸಿಪ್ಪೆಯ ಪುಡಿ ಗಾಳೀಲಿ ಹೊಡೆದು ತೆಗೀಬೇಕು, ಅದನ್ನ ಮಾಡಿ ಗೊತ್ತಿರೋರ ಕೈಲೇ ಮಾಡಿಸಿ. ಕೋಲ್ಡ್ ಸ್ಟಾರ್ಟಲ್ಲಿ ನಡುಗೋದು, ಮೇಲಿನ ಆರ್‌ಪಿಎಂಲಿ ಸಪ್ಪೆ ಆಗೋದು ಲಕ್ಷಣ. ತಿಂಗಳುಗಟ್ಟಲೆ, ವರ್ಷಗಟ್ಟಲೆ ಮೆಲ್ಲಗೆ ಆಗೋದಿದು. ನಿನ್ನೆ ಸರಿ ಇದ್ದು ಇವತ್ತು ಕೆಟ್ಟಿದ್ರೆ ಕಾರ್ಬನ್ ಅಲ್ಲ.

ಟೈಮಿಂಗ್ ಚೈನ್ ಸಡಿಲ ಆದ್ರೂ ಪವರ್ ಹೋಗುತ್ತಾ?

ಹೋಗುತ್ತೆ. ಪಿ0016 ಕೋಡು (ಕ್ರ್ಯಾಂಕೂ ಕ್ಯಾಮೂ ತಾಳ ತಪ್ಪಿದೆ ಅಂತ), ಬೆಳಿಗ್ಗೆ ಸ್ಟಾರ್ಟ್ ಮಾಡಿದ ತಕ್ಷಣ ಎರಡು ಮೂರು ಸೆಕೆಂಡ್ ಸರಪಳಿ ಅಲ್ಲಾಡಿಸಿದ ಸದ್ದು, ಇವೆರಡೂ ಒಟ್ಟಿಗೆ ಇದ್ರೆ ಓಡಿಸ್ಬೇಡಿ, ಟೋ ಮಾಡಿಸಿ. ಚೈನ್ ಹಲ್ಲು ಹಾರಿದ್ರೆ ವಾಲ್ವು ಪಿಸ್ಟನ್ನಿಗೆ ಬಡಿಯುತ್ತೆ.

ಇಷ್ಟೆಲ್ಲ ಯಾಕೆ, ಬೆಂಗಳೂರಲ್ಲಿ ಒಂದು ರೀಮ್ಯಾಪ್ ಮಾಡಿಸಿದ್ರೆ ಹೋದ ಪವರ್ ವಾಪಸ್ ಬರಲ್ವಾ?

ಲೀಕ್ ಇರೋ ಪೈಪಿಗೆ ಜಾಸ್ತಿ ಬೂಸ್ಟ್ ಕೇಳಿದ್ರೆ ಪೈಪು ಜಾಸ್ತಿ ಲೀಕ್ ಆಗುತ್ತೆ, ಟರ್ಬೊ ಅದನ್ನ ತುಂಬೋಕೆ ಹೋಗಿ ಮಿತಿ ಮೀರಿ ತಿರುಗುತ್ತೆ, ಮೊದ್ಲು ಹೋಗಿರದ ಟರ್ಬೊ ಆಗ ನಿಜವಾಗ್ಲೂ ಹೋಗುತ್ತೆ. ಅದೂ ಮಡಿಕೇರಿ ಎತ್ತರದಲ್ಲಿ ಅದು ಈಗಾಗ್ಲೇ ಕೆಳಗಿನೂರಿಗಿಂತ ಜೋರಾಗಿ ದುಡೀತಿರುತ್ತೆ. ಬೆಂಗಳೂರಿಗೆ ಹೋಗೋದೇ ಆದ್ರೆ ಪವರ್ ಅಳೆಯೋ ಡೈನೋ ಮಷಿನ್ ಮೇಲೆ ಹತ್ತಿಸಿ ಈಗಿರೋ ಪವರ್ ಎಷ್ಟು ಅಂತ ಒಂದು ಪ್ರಿಂಟ್ ತಗೊಂಡ್ಬನ್ನಿ, ಗಾಳಿ ಪೆಟ್ರೋಲ್ ಅನುಪಾತದ ಗೆರೆನೂ ಅದರಲ್ಲಿ ಇರ್ಲಿ ಅಂತ ಕೇಳಿ. ಆ ಕಾಗದ ಹಿಡ್ಕೊಂಡು ಸುಂಟಿಕೊಪ್ಪಕ್ಕೆ ಬಂದ್ರೆ ಕಾಫಿ ನಂದು, ಟಾರ್ಚೂ ನಂದೇ.